ಕಾರಣ ಹಿಡಿಯದ ಪರದೆ

ಗುರುಗ್ರಾಮದ ಸೈಬರ್ ಸಿಟಿಯಂಥ ಕಡೆ ಕಚೇರಿಯ ಟಿಪ್ಪಣಿ ಎಂದರೆ ಬುಲೆಟ್, ಅದರೊಳಗೆ ಇನ್ನೊಂದು ಬುಲೆಟ್. 'ಸರ್ವರ್ ಬದಲಾವಣೆ', 'ಬಜೆಟ್ ಕಡಿತ', 'ಮಾರ್ಚ್‌ಗೆ ಮುಂದೂಡಿಕೆ' ಎಂದು ಮೂರು ಸಾಲು ಇರುತ್ತವೆ. ಬಜೆಟ್ ಕಡಿತವಾದದ್ದರಿಂದ ಕೆಲಸ ಮುಂದಕ್ಕೆ ಹೋಯಿತೋ, ಕೆಲಸ ಮುಂದಕ್ಕೆ ಹೋದದ್ದರಿಂದ ಬಜೆಟ್ ಕಡಿತವಾಯಿತೋ? ತಿಂಗಳು ಕಳೆದ ಮೇಲೆ ಓದುವವರಿಗೆ ಅದು ಹೊಳೆಯುವುದಿಲ್ಲ. ಇದರಲ್ಲಿ ಬರೆದವರಷ್ಟೇ ಪಾಲು ಪರದೆಯದ್ದೂ ಇದೆ ಎಂಬುದು ನನ್ನ ವಾದ.

ಇಂಥ ಬುಲೆಟ್ ಸಾಲುಗಳನ್ನು ಒಂದರೊಳಗೊಂದು ಜೋಡಿಸುವ ತಂತ್ರಾಂಶವಾದ ಔಟ್‌ಲೈನರ್‌ನ ಶಕ್ತಿ ದೊಡ್ಡದು, ಅದನ್ನು ಅಲ್ಲಗಳೆಯಲಾರೆ. 1968ರ ಡಿಸೆಂಬರ್‌ನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಕಂಪ್ಯೂಟರ್ ಸಂಶೋಧಕ ಡಗ್ಲಸ್ ಎಂಗೆಲ್‌ಬರ್ಟ್ ಅಂಗಡಿ ಸಾಮಾನಿನ ಪಟ್ಟಿಯೊಂದನ್ನು ಪರದೆಯ ಮೇಲೆ ಗುಂಪು ಮಾಡಿ, ಮಡಿಸಿ, ಬಿಚ್ಚಿ ತೋರಿಸಿದ. ಇಂದಿನ ಔಟ್‌ಲೈನರ್ ವರ್ಕ್‌ಫ್ಲೋವಿಯಲ್ಲೂ ಅದೇ ಜೀವಾಳ: ಟ್ಯಾಬ್ ಒತ್ತಿದರೆ ಸಾಲು ಒಳಸರಿಯುತ್ತದೆ, ಮೇಲಿನ ಸಾಲನ್ನು ಎತ್ತಿಟ್ಟರೆ ಕೆಳಗಿನವೆಲ್ಲ ಜೊತೆಗೇ ಹೋಗುತ್ತವೆ. ಯೋಚನೆಯ ಕ್ರಮ ಬದಲಿಸಲು ಹೆದರಿಕೆಯೇ ಇಲ್ಲ. ಆದರೆ ಪ್ರತಿ ಸಾಲಿಗೂ ಅದು ಕೇಳುವುದು 'ಯಾವುದರ ಕೆಳಗೆ?' ಎಂದು ಮಾತ್ರ. 'ಆದ್ದರಿಂದ', 'ಆದರೂ', 'ಹಾಗಿದ್ದರೆ' ಎಂಬುವಕ್ಕೆ ಅಲ್ಲಿ ಜಾಗ ಸಿಗುವುದು ಕಷ್ಟ.

ಇದಕ್ಕೆ ಬದಲಾಗಿ ಎವರ್‌ನೋಟ್, ಆಬ್ಸಿಡಿಯನ್‌ನಂಥ ಟಿಪ್ಪಣಿ ತಂತ್ರಾಂಶಗಳ ಖಾಲಿ ಪುಟ ಪೂರ್ಣ ವಾಕ್ಯವನ್ನು ಕರೆಯುತ್ತದೆ, ಕಾರಣ ತಾನಾಗಿ ಬರುತ್ತದೆ. ಪುಟ ಬೆಳೆದಾಗ ಮಾತ್ರ ಒಂದು ಭಾಗವನ್ನು ಕಿತ್ತು ಬೇರೆಡೆ ನೆಡುವುದು ತ್ರಾಸ. ಒನ್‌ನೋಟ್ ಇನ್ನೂ ಬಿಗಿ: ನೋಟ್‌ಬುಕ್, ವಿಭಾಗ, ಪುಟ ಎಂಬ ವಿಳಾಸದೊಳಗೇ ಬರವಣಿಗೆ.

ನನಗೆ ಹೆಚ್ಚು ಒಪ್ಪಿಗೆಯಾಗುವುದು 2003ರಲ್ಲಿ ಖಗೋಳ ವಿಜ್ಞಾನಿ ಕಾರ್ಸ್ಟನ್ ಡೊಮಿನಿಕ್ ಆರಂಭಿಸಿದ ಆರ್ಗ್ ಮೋಡ್ ಎಂಬ ಟಿಪ್ಪಣಿ ಸಾಧನ. ಅಲ್ಲಿ ಮಡಿಸಬಲ್ಲ ಶೀರ್ಷಿಕೆಯ ಕೆಳಗೆ ಇಡೀ ಪ್ಯಾರಾ ಕೂರುತ್ತದೆ: ಸರಿಸಲು ಶೀರ್ಷಿಕೆ, ಯೋಚಿಸಲು ವಾಕ್ಯ. ಕಲಿಯುವುದು ಕಠಿಣ, ನಿಜ.

ಕನ್ನಡದಲ್ಲಿ ಟಿಪ್ಪಣಿ ಇಡುವ ನಮಗೆ ಇನ್ನೂ ಎರಡು ಪರೀಕ್ಷೆಗಳಿವೆ. ಸಾಲುಗಳ ನಡುವೆ ಜಾಗ ಬಿಗಿಯಾದರೆ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ. ಔಟ್‌ಲೈನರ್‌ನ ಒತ್ತೊತ್ತಾದ ಪಟ್ಟಿಯಲ್ಲಿ ಇದರ ಕಾಟ ಜಾಸ್ತಿ. ಇನ್ನೊಂದು, ಒಂದು ಟಿಪ್ಪಣಿಯಿಂದ ಮತ್ತೊಂದಕ್ಕೆ ಹಾಕುವ ಕೊಂಡಿಯದ್ದು. ಆಬ್ಸಿಡಿಯನ್‌ನಲ್ಲಿ ಜೋಡಿ ಚೌಕ ಕಂಸದೊಳಗೆ 'ಕಚೇರಿ' ಎಂದು ಬರೆದು ಹೊರಗೆ 'ಯಲ್ಲಿ' ಅಂಟಿಸಬಹುದು. 'ಊರು' 'ಊರಿನಲ್ಲಿ' ಆದಾಗ ಅದು ನಡೆಯದು, ನಡುವೆ ಗೆರೆ ಎಳೆದು ಎರಡೂ ರೂಪ ಬರೆಯಬೇಕು. ವಿಭಕ್ತಿ ಹತ್ತಿದರೂ ಹೆಸರನ್ನು ಗುರುತಿಸುವ ಕೊಂಡಿ ಬರಲಿ. ಅಲ್ಲಿಯವರೆಗೆ ಹೀಗೆ ರೂಪ ಬದಲಿಸುವ ಹೆಸರಿಗೆ ಕೊಂಡಿ ಹಾಕುವಾಗಲೆಲ್ಲ ವಾಕ್ಯದ ಓಟಕ್ಕೆ ಈ ತಡೆ ಇದ್ದೇ ಇರುತ್ತದೆ.