ಹುಣ್ಣಿಮೆಯಲ್ಲಿ ನಿಮ್ಮದೂ ಒಂದು ಪಾಲು

ಹುಣ್ಣಿಮೆ ಬಂತೆಂದರೆ ನಮಗೆ ನೆನಪಾಗುವುದೇನು ಹೇಳಿ? ಪೂಜೆಯ ಪಾತ್ರೆ ಬೆಳಗುವುದು, ಹೋಳಿಗೆಗೆ ಬೇಳೆ ಬೇಯಿಸುವುದು! ಚಂದ್ರ ಮೂಡುವ ಹೊತ್ತಿಗೆ ಸರಿಯಾಗಿ ನಾವು ಒಲೆಯ ಮುಂದೆ. ಅವನ ಮುಖ ನೋಡಲು ಪುರುಸೊತ್ತೆಲ್ಲಿದೆ ಅಂತೀರಾ?

ಆದರೆ ಕೆಲವು ಹುಣ್ಣಿಮೆಗಳು ಪದೇ ಪದೇ ಬರುವುದಿಲ್ಲ, ಸೋದರಿ. ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಒಂದೊಂದು ದಿನ ಹಗಲೂ ಇರುಳೂ ಹೆಚ್ಚುಕಡಿಮೆ ಸಮವಾಗಿರುತ್ತವೆ. ಅಂದು ಸೂರ್ಯ ನೇರ ಪಶ್ಚಿಮದಲ್ಲಿ ಮುಳುಗುತ್ತಾನೆ. ಅದೇ ದಿನ ಹುಣ್ಣಿಮೆಯೂ ಕೂಡಿಬಂದರೆ, ಅತ್ತ ಅವನು ಇಳಿಯುವಾಗ ಇತ್ತ ಚಂದ್ರ ಹೆಚ್ಚುಕಡಿಮೆ ನೇರ ಪೂರ್ವದಲ್ಲಿ ಏಳುತ್ತಾನೆ. ತಕ್ಕಡಿಯ ಎರಡು ತಟ್ಟೆಗಳ ಹಾಗೆ!

2019ರ ಕಾಮನ ಹುಣ್ಣಿಮೆ ಹೀಗೇ ಇತ್ತು. ಮಾರ್ಚ್ 21ರ ಬೆಳಗಿನ ಜಾವ ಸಮರಾತ್ರಿಯ ಗಳಿಗೆ. ನಾಲ್ಕು ಗಂಟೆಯೊಳಗೆ ಪೂರ್ಣಚಂದ್ರ. ಅದಕ್ಕೆ ಮೊದಲು 2000ದ ಮಾರ್ಚಿನಲ್ಲಿ. ಚಂದ್ರನ 235 ತಿಂಗಳು ಸುಮಾರು 19 ವರ್ಷಕ್ಕೆ ಸಮ. ಅದಕ್ಕೇ ಈ ಅಂತರ. 2000ದಲ್ಲಿ ಕಂಕುಳಲ್ಲಿದ್ದ ಕೂಸು 2019ಕ್ಕೆ ಕಾಲೇಜು ಮೆಟ್ಟಿಲು ಹತ್ತಿತ್ತು. ನಮ್ಮ ಆಯುಸ್ಸಿನಲ್ಲಿ ಇಂಥವು ಎಷ್ಟು ಬಂದಾವು, ನೀವೇ ಲೆಕ್ಕ ಹಾಕಿ.

ಸೆಪ್ಟೆಂಬರಿನ ಸರದಿ ಬೇರೆ. 2010ರಲ್ಲಿ ಬಂದದ್ದು 2029ರ ಸೆಪ್ಟೆಂಬರ್ 22ರ ರಾತ್ರಿ, ಅನಂತನ ಹುಣ್ಣಿಮೆಗೆ ಮತ್ತೆ ಬರಲಿದೆ. ಈಗಲೇ ಬರೆದಿಟ್ಟುಕೊಳ್ಳಿ. ಅಲ್ಲಿಯವರೆಗೆ ಪ್ರತಿ ಹುಣ್ಣಿಮೆಯಲ್ಲೂ ಅಭ್ಯಾಸ ಮಾಡಬಹುದಲ್ಲ!

ಅಂದು ಅಡುಗೆ ನಾಲ್ಕಕ್ಕೇ ಶುರುಮಾಡಿ. ಚಿತ್ರಾನ್ನ ಸಾಕು; ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಿ, ಕಹಿಯಾಗದು. ಮೊಸರನ್ನಕ್ಕೆ ಮೆತ್ತಗಿನ ಅನ್ನ, ಹೆಚ್ಚು ಹಾಲು, ಒಂದೇ ಚಮಚ ಮೊಸರು ಸಾಕು, ರಾತ್ರಿಯವರೆಗೂ ಹುಳಿಯಾಗದು. ದೀಪ ಹಚ್ಚಿ, ಪಾತ್ರೆ ಸಮೇತ ತಾರಸಿಗೋ ಹಿತ್ತಿಲಿಗೋ ನಡೆಯಿರಿ. ಮಕ್ಕಳಿಗೆ ಕೈತುತ್ತು ಹಾಕಿ. ಬಡಿಸುವ ಕೆಲಸ ಇವತ್ತೊಂದು ದಿನ ಯಜಮಾನರದಾಗಲಿ, ತಪ್ಪೇನಿಲ್ಲ!

ಮೋಡ ಮುಚ್ಚಿತೇ? ಬೇಸರ ಬೇಡ. ಮರುದಿನ ಸುಮಾರು ಮುಕ್ಕಾಲು ಗಂಟೆ ತಡವಾಗಿ, ಅಷ್ಟೇ ದುಂಡಗೆ ಬರುತ್ತಾನೆ. ಮನೆಯವರಿಗೆಲ್ಲ ದಿನವೂ ಹೊತ್ತು ಹಂಚುವವರು ನೀವು. ಅದರಲ್ಲಿ ಅರ್ಧ ಗಂಟೆ ನಿಮಗೆಂದೇ ಎತ್ತಿಡಲು ಯಾರ ಅಪ್ಪಣೆಯೂ ಬೇಕಿಲ್ಲ ಕಣ್ರೀ.