ಸವೆದದ್ದು ಡಿಸ್ಕು, ಕತ್ತರಿ ಕೂಲಿಗೆ!

ಮಿಲ್ಲಿನ ಫಿಟ್ಟಿಂಗ್ ಖಾತೆಯಲ್ಲೂ ಗೇಟು-ಗ್ರಿಲ್ಲಿನ ವರ್ಕ್‌ಶಾಪುಗಳಲ್ಲೂ ಹೊಸ ಧರ್ಮವೊಂದು ತಲೆಯೆತ್ತಿದೆ. ಆಂಗಲ್ ಗ್ರೈಂಡರಿನ ಡಿಸ್ಕು ಬೇಗ ಸವೆಯಿತೆಂದು ಅದರ ಬೆಲೆಯನ್ನು ಯಂತ್ರ ಹಿಡಿದವನ ಕೂಲಿಯಲ್ಲಿ ಮುರಿದುಕೊಳ್ಳುವುದು! ಸೀಮೆಸುಣ್ಣ ಸವೆಯಿತೆಂದು ಮೇಷ್ಟರ ಸಂಬಳ ಹಿಡಿದವರನ್ನು ನಾವು ಕಾಣೆವು. ಸವೆಯುವುದೇ ಡಿಸ್ಕಿನ ಕಸುಬು.

ಅಕಾಲದಲ್ಲಿ ಸವೆಯುವುದೂ ಉಂಟು, ಸರಿ. ಏತಕ್ಕೆ? 4, 5 ಇಂಚಿನ ಯಂತ್ರಗಳು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತವೆ. ಕಬ್ಬಿಣ ಕಡಿಯುವುದು ಆ ವೇಗ, ತೋಳಿನ ಬಲವಲ್ಲ. ಮೈಭಾರ ಹಾಕಿ ಒತ್ತಿದರೆ ವೇಗ ಕುಗ್ಗುತ್ತದೆ, ಡಿಸ್ಕಿನ ಕಣಗಳು ಕಡಿಯುವ ಮೊದಲೇ ಉದುರುತ್ತವೆ, ಮೋಟಾರು ಕಾದು ಸುಡುತ್ತದೆ. ಇದನ್ನು ಅರಿಯದೆ ಬಲ ತೋರಿಸುವ ಹುಡುಗರು ನಮ್ಮಲ್ಲೂ ಇದ್ದಾರೆ, ಕಲಿಯಬೇಕು. ಆದರೆ "ಬೇಗ, ಬೇಗ" ಎಂದು ಬೆನ್ನ ಹಿಂದೆ ನಿಲ್ಲುವವರು ಯಾರು? ಉದ್ದನೆಯ ಸಪೂರ ವೈರು ಎಳೆಸಿ ವೋಲ್ಟೇಜು ಬೀಳಿಸುವವರು ಯಾರು? ಒಂದು ವೈಸ್ ಕೊಡದೆ ಕಾಲಲ್ಲಿ ಮೆಟ್ಟಿ ಕಡಿಯೆಂದರೆ ಕಬ್ಬಿಣ ಅಲುಗಿ ಡಿಸ್ಕು ಸಿಕ್ಕಿ ಮುರಿಯದೆ ಇನ್ನೇನು? ಕಡಿಯುವ ಡಿಸ್ಕಿನಲ್ಲೇ ಬೆಸುಗೆ ಉಜ್ಜಲೂ ಹೇಳುತ್ತಾರೆ. 1 ಮಿಲಿಮೀಟರ್ ದಪ್ಪದ ಆ ಡಿಸ್ಕು ಪಕ್ಕದ ಒತ್ತಡ ತಾಳದು. ಉಜ್ಜಲು 6 ಮಿಲಿಮೀಟರಿನದು ಬೇರೆಯೇ ಇದೆ, ಅದನ್ನು 15ರಿಂದ 30 ಡಿಗ್ರಿ ವಾರೆಯಾಗಿ ಹಿಡಿಯಬೇಕು. ಡಿಸ್ಕಿನ ಪೆಟ್ಟಿಗೆಯನ್ನು ಸೋರುವ ಮೂಲೆಯಲ್ಲಿಟ್ಟು ಅದರ ಅಂಟು ತೇವ ಕುಡಿದರೆ, ಅದಕ್ಕೂ ಕೂಲಿಗಾರನೇ ಹೊಣೆ!

ಇನ್ನೊಂದು ದುಷ್ಟ ಉಳಿತಾಯವಿದೆ. ಗಾರ್ಡ್ ಕಳಚಿ 5 ಇಂಚಿನ ಯಂತ್ರಕ್ಕೆ 7 ಇಂಚಿನ ಡಿಸ್ಕು ಸಿಕ್ಕಿಸುವುದು. 7 ಇಂಚಿನದರ ಮೇಲೆ ಬರೆದ ಮಿತಿ ಸುಮಾರು 8,500 ಸುತ್ತು. 11,000ಕ್ಕೆ ತಿರುಗಿಸಿದರೆ ಅದು ಡಿಸ್ಕಲ್ಲ, ಸಿಡಿಗುಂಡು. ಹೋದ ಕಣ್ಣನ್ನು ಯಾವ ಧಣಿ ತಂದುಕೊಟ್ಟಾನು?

ಅಂಗಡಿಕಾರ ಮಿತ್ರರಿಗೂ ಒಂದು ಮಾತು. ಹೆಸರುಳ್ಳ ಕಂಪನಿಗಳು ಡಿಸ್ಕಿನ ನಡುವಿನ ಲೋಹದ ಬಳೆಯ ಮೇಲೆ ಅವಧಿ ಮುಗಿಯುವ ತಿಂಗಳು, ವರ್ಷ ಒತ್ತಿರುತ್ತವೆ. ತಯಾರಾದ 3 ವರ್ಷಕ್ಕೆ ಸಾಮಾನ್ಯವಾಗಿ ಅದು ತೀರುತ್ತದೆ. ತೀರಿದ್ದನ್ನು ಅಗ್ಗವೆಂದು ಮಾರಬೇಡಿ. ಸಗಟಿನವನು ಹಳೆಯ ಸರಕನ್ನು ನಿಮ್ಮ ತಲೆಗೆ ಕಟ್ಟುತ್ತಾನೆಂಬುದು ನಮಗೆ ಗೊತ್ತು. ಹಿಂದಿರುಗಿಸಿ, ನಾವು ಜೊತೆ ನಿಲ್ಲುತ್ತೇವೆ.

ಇನ್ನು ಕಾನೂನು. 1936ರ ವೇತನ ಪಾವತಿ ಕಾಯ್ದೆ ಹೇಳಿದ್ದನ್ನೇ 2019ರ ವೇತನ ಸಂಹಿತೆಯೂ ಹೇಳುತ್ತದೆ: ಸಾಮಾನಿನ ನಷ್ಟಕ್ಕೆ ಕೂಲಿ ಮುರಿಯಬೇಕಾದರೆ ಅದು ನೇರವಾಗಿ ಕೆಲಸಗಾರನ ಅಲಕ್ಷ್ಯದಿಂದಲೇ ಆಗಿರಬೇಕು, ಮುರಿಯುವ ಮೊದಲು ಅವನ ಸಮಜಾಯಿಷಿ ಕೇಳಬೇಕು. ಕೇಳಿದ ಧಣಿ ಎಲ್ಲಿದ್ದಾನೆ? ಮುಂದಿನ ಬಟವಾಡೆಯಲ್ಲಿ ಡಿಸ್ಕಿನ ಬಾಬ್ತು ಒಂದು ರೂಪಾಯಿ ಮುರಿದರೂ ಚೀಟಿಯಲ್ಲಿ ಕಾರಣ ಬರೆಸಿಕೊಳ್ಳಿ. ಆ ಚೀಟಿಯನ್ನೂ ಸವೆದ ಡಿಸ್ಕನ್ನೂ ನಮ್ಮ ಕಚೇರಿಗೆ ತನ್ನಿ.