ಮೀನಿನ ಮೊಟ್ಟೆಗೂ ಉಸಿರು ಬೇಕು

2001ರಲ್ಲಿ ಮುಚ್ಚುವವರೆಗೆ ಕೋಲಾರದ ಚಿನ್ನದ ಗಣಿಗಳಲ್ಲಿ ಆಳಕ್ಕಿಳಿದವರಿಗೆ ಮೇಲಿನಿಂದ ಗಾಳಿಯನ್ನು ಒದಗಿಸುತ್ತಿದ್ದರು. ಆ ಗಣಿಯೂರಿಗೆ ನೀರುಣಿಸಿದ, ಹಿಂದೆ ಬಂಗಾರಪೇಟೆ ತಾಲ್ಲೂಕಿಗೆ ಸೇರಿದ್ದ ಬೇತಮಂಗಲದ ಕೆರೆಯಲ್ಲಿ ಮೀನಿನ ಮೊಟ್ಟೆಗೆ ಗಾಳಿಯನ್ನು ಕೊಡುವವರು ಯಾರು? ಸುತ್ತಲಿನ ನೀರೇ.

ಬೆಚ್ಚನೆಯ ಕೆರೆನೀರು ಲೀಟರಿಗೆ ಸುಮಾರು 7 ಮಿಲಿಗ್ರಾಂ ಆಮ್ಲಜನಕವನ್ನಷ್ಟೇ ಕರಗಿಸಿಕೊಳ್ಳಬಲ್ಲದು. ಕಸ ಕೊಳೆತರೆ ಅದೂ ಉಳಿಯದು. ಬೆಳಗಿನ ಜಾವಕ್ಕಂತೂ ತೀರ ಕಡಮೆಯಾಗುವುದು. ಬೆಳೆದ ಮೀನು ಬೇರೆಡೆಗೆ ಸರಿದೀತು. ಕಿವಿರು ಮೂಡದ ಭ್ರೂಣವು ಎಲ್ಲಿಗೆ ಹೋದೀತು? ಬದುಕಿ ಉಳಿದರೂ ಬೆಳವಣಿಗೆ ಕುಂಠಿತವಾಗಿ, ಈಜಲು ಶಕ್ತಿ ಸಾಲದೆ ಮರಿಯು ವೈರಿಯ ಬಾಯಿಗೆ ಬೀಳುವುದುಂಟು. ಎಳೆತನದ ಕೊರತೆಯನ್ನು ಮುಂದಿನ ಸಮೃದ್ಧಿ ಯಾವಾಗಲೂ ತುಂಬಿಕೊಡದೆಂಬುದನ್ನು ತಾಯಂದಿರಿಗೆ ನಾವು ಹೇಳಬೇಕಾಗಿಲ್ಲ.

ಮಳೆಗಾಲವು ಎಷ್ಟೋ ಮೀನುಗಳು ಮೊಟ್ಟೆಯಿಡುವ ಕಾಲ. ಮನೆಯ ಕಸವನ್ನು ಕೆರೆಗಲ್ಲ, ತಿಪ್ಪೆಗೆ ಹಾಕಿಸೋಣ.